ಕುಂಕುಮ ಪ್ಲಸ್, ಕಾಡಿಗೆ ಮೈನಸ್

ಊರಲ್ಲಿ ಯಾರಾದರೂ ತೀರಿಕೊಂಡರೆ ನನ್ನ ಕಾರ್ಯಕ್ರಮದಲ್ಲಿ ಐದು ನಿಮಿಷ ಕಡಿಮೆಯಾಗುತ್ತದೆ.

ನಾನು ಮಿಮಿಕ್ರಿ ಮಾಡುವವನು. ಗಣಪತಿ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಸೊಸೈಟಿಯ ಸಭೆ, ಹೀಗೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರು ಕರೆದರೂ ಹೋಗುತ್ತೇನೆ. ಕರೆಯದಿದ್ದ ಕಡೆಗೂ ಒಂದೆರಡು ಸಲ ಹೋಗಿದ್ದೇನೆ. ಸಿನಿಮಾ ನಟರ ಧ್ವನಿ ನನಗೆ ಬರುವುದಿಲ್ಲ. ಪ್ರಯತ್ನಪಟ್ಟರೆ ಎಲ್ಲ ನಟರೂ ನನ್ನ ಹಾಗೇ ಮಾತಾಡುತ್ತಾರೆ. ನನಗೆ ಬರುವವರು ಊರಿನವರು ಮಾತ್ರ: ಬಸ್ ಏಜೆಂಟರು, ದನದ ಡಾಕ್ಟರು, ಟೈಲರು, ನಮ್ಮ ಚಿಕ್ಕಪ್ಪ. ಇವರೆಲ್ಲ ಮುಂದಿನ ಸಾಲಿನಲ್ಲಿ ಕೂತು ಪಕ್ಕದವರ ಸರದಿ ಬಂದಾಗ ನಗುತ್ತಾರೆ, ತಮ್ಮ ಸರದಿ ಬಂದಾಗ ಕೆಮ್ಮುತ್ತಾರೆ.

ನಮ್ಮ ಅಜ್ಜಿ ನನ್ನಿಂದ ಒಂದು ಮಾತು ತಗೊಂಡಿದ್ದಾಳೆ. "ಇದ್ದೋರದ್ದು ಎಂತ ಬೇಕಾರೂ ಮಾಡು. ಹೋದೋರ ಧ್ವನಿ ತೆಗೀಬೇಡ ಮಾರಾಯ. ಕರೆದ್ರು ಅಂದ್ಕಂಡು ಬಂದುಬಿಟ್ರೆ?" ಕೆಲವರ ವಿಷಯದಲ್ಲಿ ಅದು ನಿಜಕ್ಕೂ ಯೋಚಿಸಬೇಕಾದ ಅಪಾಯ. ಹಾಗಾಗಿ ಯಾರು ಹೋದರೂ ಅವರ ಐದು ನಿಮಿಷ ಅವರ ಜೊತೆಗೇ ಹೋಗುತ್ತದೆ.

ಕಾರ್ತಿಕದಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ಹೋದರು. ಅವರು ನನ್ನ ಕಾರ್ಯಕ್ರಮದ ಕೊನೆಯ ಐಟಂ. ಅವರಾದ ಮೇಲೆ ಯಾರನ್ನು ಮಾಡಿದರೂ ಜನ ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದರು. ಹೆಸರು ಬರೆಯುವುದಿಲ್ಲ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ. ಅವರ ಮನೆಯವರಿಗೆ ಕುಟುಂಬ ಪಿಂಚಣಿ ಇನ್ನೂ ಬರುತ್ತಿದೆ, ಅಷ್ಟು ಹೇಳಿದರೆ ಸದ್ಯಕ್ಕೆ ಸಾಕು.

ಮೇಷ್ಟ್ರು ಸಾಗರದ ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದರು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಸೀಟಿ. ಭಾನುವಾರ ತರಕಾರಿಗೆ ಹೊರಟಾಗಲೂ ಸೀಟಿ ಇರುತ್ತಿತ್ತು. ಶಾಲೆಗೆ ಎಪ್ಪತ್ತರ ದಶಕದಲ್ಲಿ ಒಂದು ಆಂಪ್ಲಿಫೈಯರ್, ಒಂದು ಮೈಕು, ಒಂದು ಹಾರ್ನ್ ಬಂದವು. ಇದು ಯಾರ ವಿಷಯ ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆಯಾಯಿತಂತೆ. ವಿಜ್ಞಾನದ ಮೇಷ್ಟ್ರು ಇದು ಭಾರದ ವಸ್ತು, ಎತ್ತುವವರು ಬೇಕು ಎಂದರಂತೆ. ಹೀಗೆ ಅದು ಡ್ರಿಲ್ ಮೇಷ್ಟ್ರ ಪಾಲಿಗೆ ಬಂತು.

ಎಲ್ಲರೂ ಮೈಕಿನಲ್ಲಿ "ಹಲೋ" ಎಂದು ಪರೀಕ್ಷೆ ಮಾಡಿದರೆ ನಮ್ಮ ಮೇಷ್ಟ್ರು "ಸಾವಧಾನ್" ಎನ್ನುತ್ತಿದ್ದರು. ಸ್ವಾತಂತ್ರ್ಯ ದಿನದ ಬೆಳಿಗ್ಗೆ ಹಾರ್ನಿನಿಂದ ಆ ಶಬ್ದ ಹೊರಟರೆ ಮೈದಾನದ ಹುಡುಗರು ನೆಟ್ಟಗಾಗುತ್ತಿದ್ದರು. ಆಚೆ ಬೀದಿಯ ಹೋಟೆಲಿನ ಮಾಣಿಯೂ ಲೋಟ ಕೆಳಗಿಟ್ಟು ನೆಟ್ಟಗಾಗುತ್ತಿದ್ದ. ಅವನೂ ಹಳೇ ವಿದ್ಯಾರ್ಥಿ. ಮೇಷ್ಟ್ರು "ವಿಶ್ರಾಮ್" ಎನ್ನಲು ಮರೆತ ಒಂದು ವರ್ಷ ಬಹಳ ಜನರಿಗೆ ಕಾಫಿ ತಡವಾಯಿತು.

ಎಂಬತ್ತರ ಹೊತ್ತಿಗೆ ನಮ್ಮ ಕಡೆ ಅನುಕೂಲಸ್ಥರ ಮನೆಗಳಿಗೆ ಸ್ಟೀರಿಯೋ ಬಂತು. ಬೊಂಬಾಯಿಯಿಂದಲೋ ಕೊಲ್ಲಿಯಿಂದಲೋ ಪೆಟ್ಟಿಗೆ ಬರುತ್ತಿತ್ತು. ಬಿಚ್ಚಿದರೆ ಆಂಪ್ಲಿಫೈಯರ್, ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್, ಎರಡು ಸ್ಪೀಕರ್. ಮನೆಯವರು ಅದರ ಸುತ್ತ ಕೂತು ಒಂದು ಇಡೀ ದಿನ ನೋಡುತ್ತಿದ್ದರು. ಮಾರನೇ ದಿನ ಮೇಷ್ಟ್ರಿಗೆ ಹೇಳಿಕಳಿಸುತ್ತಿದ್ದರು.

ಮೇಷ್ಟ್ರು ಬಂದವರೇ ಮೊದಲು ಎಲ್ಲವನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದರು. ಅದರ ಅಗತ್ಯವಿತ್ತೋ ಇಲ್ಲವೋ ಗೊತ್ತಿಲ್ಲ, ಸಾಲು ನಿಲ್ಲಿಸದೆ ಅವರಿಗೆ ಏನನ್ನೂ ಶುರುಮಾಡಲು ಬರುತ್ತಿರಲಿಲ್ಲ. ಆಮೇಲೆ ಆಂಪ್ಲಿಫೈಯರಿನ ತಲೆ ಮುಟ್ಟಿ, "ಇವನು ಲೀಡರ್. ಉಳಿದೋರೆಲ್ಲ ಎದ್ದ ಮೇಲೆ ಇವನನ್ನ ಎಬ್ಸಬೇಕು. ಮಲಗ್ಸೋವಾಗ ಮೊದ್ಲು ಇವನನ್ನ ಮಲಗ್ಸಬೇಕು. ಉಲ್ಟಾ ಮಾಡಿದ್ರೆ ಸ್ಪೀಕರ್ ಒದರ್ತದೆ" ಎನ್ನುತ್ತಿದ್ದರು. ಮನೆಯವರು ತಲೆಯಾಡಿಸುತ್ತಿದ್ದರು. "ಡೆಕ್ಕಿಂದ ಹೊರಟಿದ್ದು ಲೀಡರ್ ಒಳಗೆ ಹೋಗ್ಬೇಕು, ಲೀಡರಿಂದ ಹೊರಟಿದ್ದು ಸ್ಪೀಕರಿಗೆ ಹೋಗ್ಬೇಕು. ಹೊರಟ ಬಾಗಿಲಲ್ಲೇ ಒಳಗೆ ಬರೋಕ್ ಹೋದ್ರೆ ಡಿಕ್ಕಿ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಇಷ್ಟೇ. ಇದಕ್ಕೆ ನನ್ನ ಕರೀಬೇಕಿತ್ತಾ?" ಕರೆಯದಿದ್ದರೆ ಮೇಷ್ಟ್ರು ಒಂದು ತಿಂಗಳು ಆ ಬೀದಿಯಲ್ಲಿ ಓಡಾಡುತ್ತಿರಲಿಲ್ಲ.

ಸ್ಪೀಕರ್ ವೈರಿನ ವಿಷಯದಲ್ಲಿ ಅವರದ್ದೇ ಒಂದು ಪದ್ಧತಿ. ನಮ್ಮ ಪೇಟೆಯಲ್ಲಿ ಸಿಗುತ್ತಿದ್ದ ಜೋಡಿ ವೈರಿನ ಎರಡು ಎಳೆಗಳಿಗೂ ಒಂದೇ ಬಣ್ಣ, ಹಾಲುಬಿಳುಪು. ಯಾವುದು ಪ್ಲಸ್, ಯಾವುದು ಮೈನಸ್ ಎಂದು ಗುರುತು ಬೇಕು. ಆಂಪ್ಲಿಫೈಯರಿನ ಪ್ಲಸ್ಸು ಎರಡೂ ಸ್ಪೀಕರಿನ ಪ್ಲಸ್ಸಿಗೇ ಹೋಗಬೇಕು. ಒಂದು ಸ್ಪೀಕರಿಗೆ ಸರಿಯಾಗಿ, ಇನ್ನೊಂದಕ್ಕೆ ತಿರುವುಮುರುವಾಗಿ ಕೊಟ್ಟರೆ ಒಂದು ನೂಕುವಾಗ ಇನ್ನೊಂದು ಎಳೆಯುತ್ತದೆ. ಎರಡೂ ಸೇರಿ ಹಾಡಿನ ಜೀವ ತೆಗೆಯುತ್ತವೆ. ಮೇಷ್ಟ್ರು ಆ ಮನೆಯ ದೇವರ ಕೋಣೆಯಿಂದಲೇ ಕುಂಕುಮ ತರಿಸಿ, ಹರಳೆಣ್ಣೆಯಲ್ಲಿ ಕಲಸಿ, ಪ್ಲಸ್ಸಿನ ತುದಿಗೆ ಹಚ್ಚುತ್ತಿದ್ದರು. ಮೈನಸ್ಸಿಗೆ ಮಗುವಿನ ಕಾಡಿಗೆ. ಆಂಪ್ಲಿಫೈಯರಿನ ಬೆನ್ನಿಗೆ, ಸ್ಪೀಕರಿನ ಬೆನ್ನಿಗೆ ಕೂಡ ಒಂದೊಂದು ಬೊಟ್ಟು.

"ಕುಂಕುಮ ಪ್ಲಸ್, ಕಾಡಿಗೆ ಮೈನಸ್. ನಾನು ಸತ್ರೂ ನೀವು ಸಿಕ್ಕಿಸ್‌ಬಹುದು."

ಈಗ ಅವರ ಕೆಲವು ಅಭ್ಯಾಸಗಳನ್ನು ಹೇಳಬೇಕು. ಇವು ನನ್ನ ಬಂಡವಾಳ. ಮಿಮಿಕ್ರಿಯವನಿಗೆ ಧ್ವನಿಗಿಂತ ಮೊದಲು ಮೈ ಬೇಕು.

ಒಂದು, ತಲೆ. ಯಾರು ಏನು ಹೇಳಿದರೂ ಮೇಷ್ಟ್ರು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ತಲೆ ವಾಲಿಸಿ, ಕಣ್ಣಂಚಿನಿಂದ ನೋಡುತ್ತಿದ್ದರು. 'ನೀ ಹೇಳೋದರಲ್ಲಿ ಅರ್ಧ ಸುಳ್ಳು' ಎಂಬ ಭಂಗಿ. ಅದನ್ನು ನೋಡಿಯೇ ಎಷ್ಟೋ ಹುಡುಗರು ಕೇಳದ ತಪ್ಪನ್ನೂ ಒಪ್ಪಿಕೊಂಡಿದ್ದರು. ವೇದಿಕೆಯಲ್ಲಿ ನಾನು ಬಾಯಿ ತೆಗೆಯುವ ಮೊದಲು ತಲೆ ವಾಲಿಸಿದರೆ ಸಾಕು, ಜನ ನಗಲು ಶುರು.

ಇನ್ನೊಂದು, ರಜೆ. ಮೇಷ್ಟ್ರ ಬಲಗಡೆ ನಿಂತು ಕೇಳಿದರೆ ರಜೆ ಸಿಗುತ್ತದೆ, ಎಡಗಡೆ ನಿಂತರೆ ಸಿಗುವುದಿಲ್ಲ ಎಂದು ಶಾಲೆಯಲ್ಲಿ ನಂಬಿಕೆಯಿತ್ತು. ನಾವು ಅದನ್ನು ದಿಕ್ಕಿನ ದೋಷ ಎಂದುಕೊಂಡಿದ್ದೆವು. ಕೆಳದಿಗೆ ಪ್ರವಾಸ ಹೋದಾಗ ದೇವಸ್ಥಾನದ ಸುತ್ತ ನಮ್ಮನ್ನು ಸಾಲಾಗಿ ನಡೆಸುತ್ತಾ ಅವರು ಮಾತ್ರ ಸಾಲಿನ ಎಡದ ಅಂಚಿನಲ್ಲೇ ಇದ್ದರು. ಬಸ್ಸಿನಲ್ಲಿ ಎಡಗಡೆಯ ಕಿಟಕಿಯೇ ಆಗಬೇಕು. ಬೇರೆಯವರು ಕೂತಿದ್ದರೆ ಸಾಗರದಿಂದ ಹೊಸನಗರದವರೆಗೆ ನಿಂತೇ ಬರುತ್ತಿದ್ದರು.

ಮತ್ತೊಂದು, ಮೇಷ್ಟ್ರಮ್ಮ. ಅವರ ಹೆಂಡತಿಗೆ ಊರೆಲ್ಲ ಕರೆಯುತ್ತಿದ್ದುದು ಹಾಗೆ. ಗಂಡಹೆಂಡತಿ ಪೇಟೆಗೆ ಹೊರಟರೆ ಆಕೆ ಅವರ ಬಲಕ್ಕೆ ನಡೆಯುತ್ತಿದ್ದರು. ಜಗಳವಾದ ದಿನ ಮೇಷ್ಟ್ರೇ ಸರಿದು ಅವರನ್ನು ಎಡಕ್ಕೆ ಹಾಕಿಕೊಳ್ಳುತ್ತಿದ್ದರು. ಅಂದು ಆಕೆ ದಾರಿಯುದ್ದಕ್ಕೂ ಮಾತಾಡುತ್ತಿದ್ದರು, ಮೇಷ್ಟ್ರು ಪ್ರಸನ್ನವಾಗಿ ನಡೆಯುತ್ತಿದ್ದರು.

ಇಷ್ಟು ಓದಿದ ಮೇಲೆ ನಿಮಗೆ ಗೊತ್ತಾಗಿರಬೇಕು. ಅವರ ಐದು ನಿಮಿಷವನ್ನು ವರ್ಷಗಟ್ಟಲೆ ಕನ್ನಡಿ ಮುಂದೆ ತಿದ್ದಿದ ನನಗೆ ಗೊತ್ತಾಗಿರಲಿಲ್ಲ. ಮೇಷ್ಟ್ರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಹುಡುಗನಾಗಿದ್ದಾಗ ದೀಪಾವಳಿಯಲ್ಲಿ ಯಾರೋ ಪಕ್ಕದಲ್ಲೇ ಗರ್ನಾಲು ಪಟಾಕಿ ಹೊಡೆದು ಅದು ಹೋಗಿತ್ತು. ಡ್ರಿಲ್ ಮೇಷ್ಟ್ರ ಕೆಲಸಕ್ಕೆ ಆರೋಗ್ಯದ ಸರ್ಟಿಫಿಕೇಟು ಬೇಕು. ಡಾಕ್ಟರು "ಬಲಗಿವಿ ಮುಚ್ಕೊಳ್ಳಿ" ಎಂದಾಗ ಬೆರಳನ್ನು ಸಡಿಲವಾಗಿ ಇಟ್ಟುಕೊಂಡು ಪಾಸಾಗಿದ್ದರು. ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ ಕೊನೆಯವರೆಗೂ ಇತ್ತು. ಅಂಥವರು ಮನೆಮನೆಗೆ ಹೋಗಿ ಎರಡು ಸ್ಪೀಕರಿನ ಸ್ಟೀರಿಯೋ ಸಿಕ್ಕಿಸಿ, ಸರಿ ಇದೆ ಎಂದು ಹೇಳಿ ಬರುತ್ತಿದ್ದರು. ಯಾಕೆ ಅದೇ ಕೆಲಸ ಹಿಡಿದರು ಎಂದು ಕೇಳಬೇಡಿ. ನನಗೆ ಹೆಣ್ಣಿನ ಧ್ವನಿ ಬರುವುದಿಲ್ಲ, ಆದರೂ ಮಾಡುತ್ತೇನಲ್ಲ.

ಅವರು ಹೋದಲ್ಲೆಲ್ಲ ಮೇಷ್ಟ್ರಮ್ಮನೂ ಹೋಗುತ್ತಿದ್ದರು. ಕಾಫಿ ತಿಂಡಿಗೆ ಎಂದು ನಾವು ಅಂದುಕೊಂಡಿದ್ದೆವು. ಎಲ್ಲ ಸಿಕ್ಕಿಸಿದ ಮೇಲೆ ಮೇಷ್ಟ್ರು ಕ್ಯಾಸೆಟ್ ಹಾಕಿ ನಡುಮನೆಯ ಮಧ್ಯದಲ್ಲಿ ಕೂರುವರು. ಆಕೆ ಅವರ ಎಡಕ್ಕೆ. ಮೇಷ್ಟ್ರು ಕಣ್ಣು ಮುಚ್ಚುವರು, ತೆಗೆಯುವರು, ಒಮ್ಮೆ ಎಡಕ್ಕೆ ನೋಡುವರು. ಆಕೆ ಬಳೆ ತಿರುಗಿಸುತ್ತಾ ಕೂತಿದ್ದರೆ ಮೇಷ್ಟ್ರು ಎದ್ದು ವೈರು ಬದಲಾಯಿಸುವರು. ಆಕೆ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಲು ಹಿಡಿದರೆ ಮೇಷ್ಟ್ರು "ಸರಿ ಇದೆ" ಎಂದು ಸೀಟಿ ಸರಿಮಾಡಿಕೊಳ್ಳುವರು. ಇದೆಲ್ಲವನ್ನೂ ನಾನು ಇದ್ದ ಕ್ರಮದಲ್ಲೇ ವೇದಿಕೆಯ ಮೇಲೆ ಮಾಡುತ್ತಿದ್ದೆ. ಬಳೆ ತಿರುಗಿಸುವುದಕ್ಕೆ ವಿಶೇಷ ಚಪ್ಪಾಳೆ. ಆಕೆಗೆ ಬೇಸರ ಬಂದಿದೆ, ಮನೆಗೆ ಹೋಗಬೇಕು, ಅದಕ್ಕೇ ಬಳೆ ತಿರುಗಿಸುತ್ತಾರೆ ಎಂದು ನಾನು ತಿಳಿದಿದ್ದೆ. ನಕಲು ಮಾಡುವವನಿಗೆ ಅರ್ಥ ಬೇಕಾಗಿಲ್ಲ, ಕ್ರಮ ಸಾಕು.

ಇನ್ನು ಮೇಳಿಗೆಯ ವಿಷಯ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಒಬ್ಬ ಗೌಡರಿದ್ದರು. ಅವರ ಮನೆಗೆ ಬೊಂಬಾಯಿಯ ಸೆಟ್ಟು ಬಂದಾಗ ಮೇಷ್ಟ್ರು, ಮೇಷ್ಟ್ರಮ್ಮ ಇಬ್ಬರೂ ಹೋಗಿ ಸಿಕ್ಕಿಸಿ ಬಂದಿದ್ದರು. ಎಲೆ ಅಡಿಕೆ ಹಾಕಿಯೇ ಬಂದಿದ್ದರು, ಎಂದರೆ ಎಲ್ಲ ಸರಿಯಿತ್ತು. ಆ ವರ್ಷ ವಿಜಯದಶಮಿಗೆ ಗೌಡರು ನೆಂಟರನ್ನು ಕರೆದಿದ್ದರು. ಮಧ್ಯಾಹ್ನ ಊಟದ ಮೇಲೆ ನನ್ನ ಮಿಮಿಕ್ರಿ. ಅದಕ್ಕೂ ಮೊದಲು ಮೇಷ್ಟ್ರು ಬಂದು ಸೆಟ್ಟನ್ನು ಮತ್ತೊಮ್ಮೆ ಸಿಕ್ಕಿಸಿಕೊಡಬೇಕು ಎಂದು ಹೇಳಿಕಳಿಸಿದ್ದರು. ಯಾಕೆ ಬಿಚ್ಚಿದರು ಎಂದು ಹೇಳಿರಲಿಲ್ಲ.

ಬೆಳಗಿನ ಬಸ್ಸಿಗೆ ಮೂವರೂ ಸಾಗರದಿಂದ ಹೊರಟೆವು. ಹೊಸನಗರದಲ್ಲಿ ಮೇಷ್ಟ್ರಮ್ಮನ ತಮ್ಮ ಬಸ್ ಸ್ಟ್ಯಾಂಡಿಗೇ ಬಂದು ನಿಂತಿದ್ದ. ಅವರ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಹಿಡಿದು ಮಲಗಿದ್ದರು. ಆಕೆ ಅಲ್ಲೇ ಇಳಿಯಬೇಕಾಯಿತು. ಇಳಿದವರು ಕಿಟಕಿಯ ಹತ್ತಿರ ಬಂದರು. ಮೇಷ್ಟ್ರು ಪೂರ್ತಿ ಅತ್ತ ತಿರುಗಿದರು.

"ಇವತ್ತು ಬೇಡ. ನಾಡಿದ್ದು ಒಟ್ಟಿಗೇ ಹೋದ್ರಾಯ್ತು."

"ಜನ ಸೇರಿರ್ತಾರೆ ಮಾರಾಯ್ತಿ. ಗುರುತು ಹಾಕಿದ್ದಿದೆಯಲ್ಲ. ಕುಂಕುಮಕ್ಕೆ ಕುಂಕುಮ, ಕಾಡಿಗೆಗೆ ಕಾಡಿಗೆ. ಅದಕ್ಕೆ ನೀನ್ಯಾಕೆ?"

ಆಕೆ ಇನ್ನೇನೋ ಹೇಳಿದರು. ಆದರೆ ಅಷ್ಟರಲ್ಲಿ ಮೇಷ್ಟ್ರು ಮುಖ ಮುಂದಕ್ಕೆ ತಿರುಗಿಸಿದ್ದರು. ಅವರು ಕೂತಿದ್ದು ಎಡಗಡೆಯ ಕಿಟಕಿ, ಆಕೆ ನಿಂತಿದ್ದು ಆ ಕಿಟಕಿಯ ಹೊರಗೆ. ಮೇಷ್ಟ್ರು ಪ್ರಸನ್ನವಾಗಿ ತಲೆಯಾಡಿಸಿದರು. ಬಸ್ಸು ಹೊರಟಿತು.

ಮೇಳಿಗೆಗೆ ಹೋಗಿ ನೋಡಿದರೆ ಸೆಟ್ಟು ಜಗಲಿಯಲ್ಲಿ ಕೋವಿ, ಕತ್ತಿ, ಹೊಲಿಗೆ ಮಿಷನ್ನು, ಜೀಪಿನ ಜಾಕು ಇವುಗಳ ನಡುವೆ ಸೇವಂತಿಗೆ ಮುಡಿದುಕೊಂಡು ಕೂತಿತ್ತು. ಹಿಂದಿನ ದಿನ ಆಯುಧಪೂಜೆ. ಮನೆಯ ಯಂತ್ರಗಳನ್ನೆಲ್ಲ ಬಿಚ್ಚಿ ಒರೆಸಿ ಪೂಜೆಗಿಡುವುದು ಪದ್ಧತಿ. ಗೌಡರ ತಾಯಿ ಸ್ವತಃ ಮುಂದೆ ಕೂತು ಮಾಡಿಸಿದ್ದರು. ಮೇಷ್ಟ್ರು ವೈರಿನ ಸುರುಳಿ ಬಿಚ್ಚಿದರು. ಎಲ್ಲ ತುದಿಗೂ ಕುಂಕುಮ. ಆಂಪ್ಲಿಫೈಯರಿನ ಬೆನ್ನು ನೋಡಿದರು. ಎಲ್ಲ ಬೊಟ್ಟೂ ಕುಂಕುಮ.

"ಎಂತೆಂತದೋ ಕಪ್ಪು ಮೆತ್ಕಂಡಿತ್ತು ಮೇಷ್ಟ್ರೆ" ಎಂದರು ಗೌಡರ ತಾಯಿ. "ಸೀಮೆಣ್ಣೆ ಹಾಕಿ ತಿಕ್ಕಿ ತಿಕ್ಕಿ ತೆಗ್ದೆ. ಅರ್ಧಕ್ಕೆ ಮಾತ್ರ ಕುಂಕುಮ ಇತ್ತು, ಅದ್ಯಾರು ಪೂಜೆ ಮಾಡಿದ್ರೋ. ಒಂದಕ್ಕಿಟ್ಟು ಒಂದಕ್ಕೆ ಬಿಟ್ರೆ ಆಗ್ತದಾ? ಎಲ್ಲದಕ್ಕೂ ಇಟ್ಟೀನಿ."

"ಒಳ್ಳೇದಾಯ್ತಮ್ಮ" ಎಂದರು ಮೇಷ್ಟ್ರು. ಒಂದೇ ಒಂದು ಮೈನಸ್ಸೂ ಇಲ್ಲದ ಆ ವೈರುಗಳನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತರು.

ಆಂಪ್ಲಿಫೈಯರಿನ ಬೆನ್ನಿಗೂ ಸ್ಪೀಕರಿನ ಬೆನ್ನಿಗೂ ಅಚ್ಚಿನ ಗುರುತು ಇದ್ದೇ ಇತ್ತು. ವೈರಿನ ಈ ತುದಿಯ ಎಳೆ ಆ ತುದಿಯಲ್ಲಿ ಯಾವುದು ಎಂಬುದೇ ಸಮಸ್ಯೆ. ವೈರು ಕಿಟಕಿ, ಜಂತೆ, ಬಾಗಿಲ ಚೌಕಟ್ಟು ಎಲ್ಲ ಸುತ್ತಿ ಹೋಗಬೇಕು. ದಾರಿಯಲ್ಲಿ ಹತ್ತು ಕಡೆ ತಿರುಚಿಕೊಳ್ಳುತ್ತದೆ. ಮೇಷ್ಟ್ರು ಅಂದಾಜಿನ ಮೇಲೆ ಸಿಕ್ಕಿಸಿದರು. ನೆಂಟರೆಲ್ಲ ಚಾಪೆ ಹಾಸಿಕೊಂಡು ಕೂತರು. ಲೀಡರನ್ನು ಕೊನೆಗೆ ಎಬ್ಬಿಸಿ ದೇವರನಾಮದ ಕ್ಯಾಸೆಟ್ ಹಾಕಿದರು.

ಹಾಡು ಬಂತು. ಎಲ್ಲರೂ ಮೇಲೆ, ಕೆಳಗೆ, ಹಿಂದೆ ನೋಡತೊಡಗಿದರು. ಧ್ವನಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಸಲ ಬೆನ್ನ ಹಿಂದೆ, ಒಂದು ಸಲ ತಲೆಯ ಒಳಗೆ. ಮೃದಂಗವನ್ನು ಯಾರೋ ಹೊರಗೆ ಎತ್ತಿಕೊಂಡು ಹೋದಂತಿತ್ತು.

"ಮೇಷ್ಟ್ರೆ, ಹಾಡೋನು ಎಲ್ಲಿ ಕೂತಾನೆ?" ಎಂದರು ಗೌಡರು. "ಹೋದ್ಸಲ ಇಲ್ಲೇ ಎದ್ರಿಗೇ ಇದ್ದ. ಈಗ ಕೊಟ್ಟಿಗೆಲಿದ್ದಂಗೆ ಕೇಳ್ತದೆ."

ಮೇಷ್ಟ್ರು ಎದ್ದು ಬಲದ ಸ್ಪೀಕರಿನ ಹತ್ತಿರ ಹೋಗಿ ತಲೆ ವಾಲಿಸಿದರು. "ಇದು ಸರಿ ಇದೆ." ಎಡದ ಸ್ಪೀಕರಿನ ಹತ್ತಿರ ಹೋದರು. "ಇದೂ ಸರಿ ಇದೆ." ಎರಡೂ ನಿಜ. ಒಂದೊಂದೇ ಕೇಳಿದರೆ ಒಂದಕ್ಕೂ ದೋಷವಿರಲಿಲ್ಲ. "ಎರಡು ಸರಿ ಸೇರಿದ್ರೆ ತಪ್ಪು ಹೆಂಗಾಗ್ತದೆ ಗೌಡ್ರೆ?"

ಈ ತರ್ಕಕ್ಕೆ ಉತ್ತರ ಬಂದದ್ದು ಗೌಡರ ಭಾವನಿಂದ. ಭಾವ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ. ನಮ್ಮ ಶಾಲೆಗೂ ತಪಾಸಣೆಗೆ ಬರುತ್ತಿದ್ದವರು. ರಜೆಯಲ್ಲೂ ತಪಾಸಣೆಯ ಮುಖ ಇಟ್ಟುಕೊಂಡೇ ಒರಗುದಿಂಬಿಗೆ ಒರಗಿದ್ದರು.

"ಅಲ್ಲೆಲ್ಲೋ ನಿಂತು ಕೇಳಿದ್ರೆ ಹೆಂಗೆ? ಇಲ್ಲಿ ಬಂದು ನಡುವೆ ಕೂತ್ಕೊಂಡು ಕೇಳಿ. ನಿಮ್ಮ ಕಿವಿ ಸರಿ ಇದೆ ಅಲ್ವಾ ಮೇಷ್ಟ್ರೆ?"

ಜನ ನಕ್ಕರು. ಸಾಹೇಬರು ತಮಾಷೆಗೇ ಹೇಳಿದ್ದು. ಮೇಷ್ಟ್ರೂ ನಕ್ಕರು. ಆಮೇಲೆ ಬಂದು ನಡುವೆ ಕೂತರು. ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

ಒಂದೇ ಕಿವಿ ಇರುವವರಿಗೆ ನಡು ಎಂಬುದು ಇರುವುದಿಲ್ಲ. ಅದು ನನಗೆ ಈಗ ಗೊತ್ತು. ಅವರಿಗೆ ಹಾಡು ಕೇಳುತ್ತಿತ್ತು, ಚೆನ್ನಾಗಿಯೇ ಕೇಳುತ್ತಿತ್ತು. ಉಳಿದವರು ಮುಖ ಸಿಂಡರಿಸುವಂಥದ್ದು ಅದರಲ್ಲಿ ಏನಿದೆ ಎನ್ನುವುದು ಮಾತ್ರ ಕೇಳುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿದರು. ತೆಗೆದರು. ಎಡಕ್ಕೆ ನೋಡಿದರು.

ಎಡಕ್ಕೆ ಕೂತಿದ್ದವನು ನಾನು.

ಆ ನೋಟ ನನಗೆ ಬಾಯಿಪಾಠ. ಎಷ್ಟು ಸಲ ಮಾಡಿದ್ದೇನೆ, ಎಲ್ಲೆಲ್ಲಿ ಮಾಡಿದ್ದೇನೆ. ಅದರ ಮುಂದಿನದೂ ಗೊತ್ತು: ಮೇಷ್ಟ್ರು ಎಡಕ್ಕೆ ನೋಡಿದರೆ ಮೇಷ್ಟ್ರಮ್ಮ ಬಳೆ ತಿರುಗಿಸಬೇಕು, ಆಮೇಲೆ ಮೇಷ್ಟ್ರು ಏಳಬೇಕು. ಆದರೆ ನನ್ನ ಐಟಂನಲ್ಲಿ ಆ ನೋಟಕ್ಕೆ ಜನ ನಗುತ್ತಿದ್ದರು. ಇಲ್ಲಿ ನೋಡುತ್ತಿದ್ದ ಮನುಷ್ಯನ ಹಣೆಯಲ್ಲಿ ಬೆವರಿತ್ತು. ತಲೆ, ರಜೆ, ಕಿಟಕಿ, ಜಗಳದ ದಿನದ ಎಡಗಡೆ, ಎಲ್ಲವೂ ಎತ್ತರದ ಪ್ರಕಾರ ಸಾಲಾಗಿ ಬಂದು ನನ್ನೆದುರು ನಿಂತವು. ನನ್ನಂಥ ದಡ್ಡನಿಗೆ ಸಾಲು ನಿಂತರೇ ತಿಳಿಯುವುದು. ಬಳೆ ಎಂದರೆ 'ತಪ್ಪಿದೆ', ಸುಣ್ಣ ಎಂದರೆ 'ಸರಿ ಇದೆ'.

ನಾನು ಬರಿಯ ಎಡ ಮಣಿಕಟ್ಟನ್ನು ಮುಂದೆ ಹಿಡಿದು ಇಲ್ಲದ ಬಳೆಯನ್ನು ತಿರುಗಿಸಿದೆ.

ಹಿಂದಿನ ವರ್ಷ ತೀರ್ಥಹಳ್ಳಿಯಲ್ಲಿ ನನ್ನ ಕಾರ್ಯಕ್ರಮ ನೋಡಿದ್ದವರು ಕೆಲವರಿದ್ದರು. "ಓ ಮೇಷ್ಟ್ರಮ್ಮ ಬಂದ್ರು ಕಣ" ಎಂದು ಹೆಂಗಸರ ಕಡೆಯಿಂದ ಯಾರೋ ಅಂದರು. ನಡುಮನೆಯೆಲ್ಲ ನಗು. ಸಾಹೇಬರು ದಿಂಬಿನಿಂದ ಜಾರುವಷ್ಟು ನಕ್ಕರು. "ಪಾಪ, ಆಯಮ್ಮ ಮನೇಲಿ ಇದ್ರೂ ಬಿಡಂಗಿಲ್ಲ ಈ ಹುಡುಗ" ಎಂದರು ಗೌಡರು.

ಮೇಷ್ಟ್ರು ನಗಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿದರು. ಎದ್ದು ಹೋಗಿ ಎಡದ ಸ್ಪೀ‌ಕರಿನ ಎರಡು ಎಳೆಗಳನ್ನು ಬಿಚ್ಚಿ, ತಿರುಗಿಸಿ ಹಾಕಿದರು. ಹಾಡುವವನು ಕೊಟ್ಟಿಗೆಯಿಂದ ಎದ್ದು ಬಂದು ಎದುರಿಗೆ ಕೂತ. ಮೃದಂಗ ಅವನ ಪಕ್ಕಕ್ಕೆ ಬಂತು.

ಮೇಷ್ಟ್ರು ಮತ್ತೆ ಬಂದು ಕೂತು ಎಡಕ್ಕೆ ನೋಡಿದರು. ಗೌಡರ ಹರಿವಾಣದಿಂದ ನಾನು ಒಂದು ಎಲೆ ಎತ್ತಿಕೊಂಡು ಸುಣ್ಣ ಹಚ್ಚಿದೆ.

"ಸರಿ ಇದೆ" ಎಂದರು ಮೇಷ್ಟ್ರು.

"ನಾನು ಹೇಳಿದ್ದೇ ಅದು. ನಡುವೆ ಕೂತು ಕೇಳ್ಬೇಕು" ಎಂದರು ಸಾಹೇಬರು. ಊಟಕ್ಕೆ ಎಲೆ ಹಾಕಿದರು. ಮಧ್ಯಾಹ್ನದ ನನ್ನ ಮಿಮಿಕ್ರಿ ಅಷ್ಟೇನೂ ಚೆನ್ನಾಗಿ ಆಗಲಿಲ್ಲ. ಒಳ್ಳೆಯದು ಆಗಲೇ ಆಗಿಹೋಗಿತ್ತು.

ವಾಪಸ್ಸು ಬರುವಾಗ ಹೊಸನಗರದಲ್ಲಿ ಮೇಷ್ಟ್ರಮ್ಮ ಬಸ್ಸು ಹತ್ತಿದರು. ಅವರ ತಾಯಿ ಎದ್ದು ಕೂತು ಗಂಜಿ ಕುಡಿದಿದ್ದರಂತೆ. ಮೇಷ್ಟ್ರು ಕಿಟಕಿಯ ಕಡೆ, ಆಕೆ ಅವರ ಬಲಕ್ಕೆ, ನಾನು ಹಿಂದಿನ ಸೀಟಿನಲ್ಲಿ.

"ಹೆಂಗಾಯ್ತು?"

"ಆಯ್ತು."

"ಆಯ್ತು ಅಂದ್ರೆ? ಅದೇ ಹೇಳಿದ್ನಲ್ಲ, ನಿನ್ನೆ ಆಯುಧಪೂಜೆ, ಗುರುತೆಲ್ಲ ತೊಳೆದಿರ್ತಾರೆ ಅಂತ. ಕಿಟಕೀಲಿ ನಿಂತು ಅಷ್ಟು ಹೇಳಿದ್ದೀನಿ."

"ನಿನ್ನ ಬಳೆ ಇವನ ಕೈಲಿದ್ವು" ಎಂದರು ಮೇಷ್ಟ್ರು.

ಆಕೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ಮುಂದಕ್ಕೆ ತಿರುಗಿಕೊಂಡರು. ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಮೇಲೆ ಮುಂದೆ ನೋಡುತ್ತಲೇ ಕೇಳಿದರು.

"ಎಷ್ಟು ಸುತ್ತು ತಿರುಗಿಸ್ದೆ?"

"ಲೆಕ್ಕ ಇಟ್ಟಿಲ್ಲಮ್ಮ. ತುಂಬಾನೇ ತಿರುಗಿಸ್ದೆ."

"ಎರಡು ಸಾಕು. ಜಾಸ್ತಿ ತಿರುಗಿಸಿದ್ರೆ ಬೇರೆಯೋರಿಗೆ ಕಾಣ್ತದೆ."

ಆಮೇಲೆ ಮೇಷ್ಟ್ರು, ಕಿಟಕಿಯ ಹೊರಗೆ ನೋಡಿಕೊಂಡು, ಗರ್ನಾಲಿನ ಕತೆಯನ್ನೂ ಡಾಕ್ಟರ ಕತೆಯನ್ನೂ ಹೇಳಿದರು. ಯಾರಿಗೂ ಹೇಳಬೇಡ ಎನ್ನಲಿಲ್ಲ. ಇಳಿಯುವಾಗ, "ನಿನ್ನ ಸುಣ್ಣ ಹಚ್ಚೋ ಕ್ರಮ ಸರಿ ಇಲ್ಲ. ಮನೆಗೆ ಬಾ, ಇವಳು ತೋರಿಸ್ತಾಳೆ" ಎಂದರು. ನಾನು ಹೋದೆ. ತೋರಿಸಿದರು.

ಎರಡು ವರ್ಷ ಬಿಟ್ಟು ಮೇಷ್ಟ್ರು ನಿವೃತ್ತರಾದರು. ಶಾಲೆಯ ಅಂಗಳದಲ್ಲಿ ಬೀಳ್ಕೊಡುಗೆ. ಮುಖ್ಯ ಅತಿಥಿ ಅದೇ ಸಾಹೇಬರು. ಮೇಷ್ಟ್ರ ಪಿಂಚಣಿಯ ಕಾಗದಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ. ಭಾಷಣಗಳೆಲ್ಲ ಮುಗಿದ ಮೇಲೆ ಹೆಡ್ ಮೇಷ್ಟ್ರು ನನ್ನನ್ನು ಕರೆದರು.

ಮೈಕಿನ ಮುಂದೆ ನಿಂತು "ಸಾವಧಾನ್" ಎಂದೆ. ಹುಡುಗರು ಎದ್ದು ನಿಂತರು. ಸೀಟಿ ಮಾಡಿದೆ, ಸಾಲು ನಿಲ್ಲಿಸಿದೆ, ಲೀಡರನ್ನು ಎಬ್ಬಿಸಿದೆ, ಕುಂಕುಮ ಕಾಡಿಗೆ ಎಲ್ಲ ಬಂತು. ತಲೆಯನ್ನು ಮಾತ್ರ ವಾಲಿಸಲಿಲ್ಲ. ಎಡಕ್ಕೆ ನೋಡಲಿಲ್ಲ. ಬಳೆಯಂತೂ ದೂರದ ಮಾತು. ಸಾಹೇಬರು ಮೂರು ಮಾರು ದೂರದಲ್ಲಿ ಕೂತಿದ್ದಾರೆ. ಅವರಿಗೆ ಅನುಮಾನ ಬಂದರೆ? ನಾನು ಕಂಬದ ಹಾಗೆ ನೆಟ್ಟಗೆ ನಿಂತು ಐದು ನಿಮಿಷ ಮುಗಿಸಿದೆ. ಹಿಂದಿನಿಂದ ಹುಡುಗರು "ತಲೆ, ತಲೆ" ಎಂದು ಕೂಗಿದರು. ಕೇಳದವನಂತೆ ಇಳಿದೆ. ಚಪ್ಪಾಳೆ ಬಿತ್ತು, ಸಭ್ಯವಾಗಿ.

ಪಾನಕದ ಹೊತ್ತಿಗೆ ಮೇಷ್ಟ್ರು ಹಾರ ಹಾಕಿಕೊಂಡೇ ನನ್ನ ಹತ್ತಿರ ಬಂದರು.

"ಎಲ್ಲಾ ಬಂದ್ರು. ನಾನು ಬರಲಿಲ್ಲ."

"ಸಾಹೇಬ್ರು ಇದ್ರಲ್ಲ ಮೇಷ್ಟ್ರೆ. ಅದಕ್ಕೇ ತಲೆ ಬಿಟ್ಟೆ."

"ದಡ್ಡ. ಇಷ್ಟು ವರ್ಷ ನಾನು ತಲೆ ಸೊಟ್ಟ ಮಾಡ್ಕೊಂಡು ಅವ್ರೆದ್ರಿಗೇ ನಿಂತಿದ್ದೀನಿ. ಯಾರಿಗೂ ಗೊತ್ತಾಗಿಲ್ಲ. ಇವತ್ತು ನೀನು ನೆಟ್ಟಗೆ ನಿಂತು ತೋರಿಸ್‌ಬಿಡ್ತಿದ್ದೆ. ತಲೆ ಎಲ್ಲಿ ಅಂತ ಇಡೀ ಶಾಲೆ ಕೂಗ್ತು."

ನಾನು ಏನೋ ಹೇಳಲು ಹೋದೆ. ಮೇಷ್ಟ್ರು ಮುಖ ಎಡಕ್ಕೆ ತಿರುಗಿಸಿ, ತಲೆ ವಾಲಿಸಿ, ಕಣ್ಣಂಚಿನಿಂದ ನೋಡಿದರು. ಪಾನಕದ ಲೋಟ ಹಿಡಿದು ನಾನು ಆ ತಲೆಯನ್ನೇ ನೋಡುತ್ತಾ ನಿಂತೆ. ಎಷ್ಟು ವರ್ಷದಿಂದ ಮಾಡುತ್ತಿದ್ದೇನೆ. ಇನ್ನೂ ಒಂದು ಎಳೆ ಹೆಚ್ಚು ವಾಲಿಸಬೇಕಿತ್ತು.

ಪಿಂಚಣಿ ಬಂತು. ಮೇಷ್ಟ್ರು ತೀರ್ಥಹಳ್ಳಿಯಲ್ಲಿ ಮಗಳ ಮನೆಯ ಹತ್ತಿರ ಸಣ್ಣ ಮನೆ ಮಾಡಿದರು. ಆ ಕಡೆ ಕಾರ್ಯಕ್ರಮವಿದ್ದಾಗಲೆಲ್ಲ ಹೋಗಿ ಮಾತಾಡಿಸಿ ಬರುತ್ತಿದ್ದೆ. ಅವರ ಸ್ವಂತ ಮನೆಯಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಹಳೆಯ ರೇಡಿಯೋ.

ಕಾರ್ತಿಕದಲ್ಲಿ ಹೋದರು ಎಂದೆನಲ್ಲ. ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಊಟವೆಲ್ಲ ಮುಗಿದು ನೆಂಟರು ಬಸ್ಸಿಗೆ ಹೊರಡುತ್ತಿದ್ದರು. ಮೇಷ್ಟ್ರಮ್ಮ ಒಳಗಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಸಂಚಿ ಕಾಣಿಸಲಿಲ್ಲ. ನಾನು ಹೋಗಿ ಎದುರಿಗೆ ಕೂತೆ. ಇಂಥ ಹೊತ್ತಿನಲ್ಲಿ ಆಡುವ ಮಾತನ್ನು ಊರಿನ ಯಾರ ಧ್ವನಿಯಲ್ಲಿ ಬೇಕಾದರೂ ಆಡಬಲ್ಲೆ. ನನ್ನ ಧ್ವನಿಯಲ್ಲಿ ಒಂದೂ ಬರಲಿಲ್ಲ. ಕೊನೆಗೆ ಅಜ್ಜಿಗೆ ಕೊಟ್ಟ ಮಾತಿನ ವಿಷಯ ಹೇಳಿದೆ.

"ಮುಂದಿನ ವಾರ ಹೆಗ್ಗೋಡಿನ ಹತ್ರ ಒಂದು ಕಾರ್ಯಕ್ರಮ ಇದೆ ಅಮ್ಮ. ಮೇಷ್ಟ್ರದ್ದು ತೆಗೆದುಬಿಡ್ತೀನಿ. ಹೋದೋರದ್ದು ಮಾಡೋದಿಲ್ಲ ನಾನು."

ಸುತ್ತ ಜನ ಓಡಾಡುತ್ತಿದ್ದರು. ಆಕೆ ಎಡಗೈಯನ್ನು ಮಡಿಲಿನ ಮೇಲೆ ಇಟ್ಟುಕೊಂಡರು. ಮೂರು ದಿನದ ಹಿಂದೆ ಬಳೆ ತೆಗೆಸಿದ್ದರು, ಮಣಿಕಟ್ಟು ಬರಿದಾಗಿತ್ತು. ಬಲಗೈಯ ಬೆರಳು ಅದರ ಮೇಲೆ ಬಂತು. ಇಲ್ಲದ ಬಳೆಯನ್ನು ತಿರುಗಿಸಿದರು. ಎರಡೇ ಸುತ್ತು.

ಯಾರಿಗೂ ಕಾಣಲಿಲ್ಲ.

ಹೆಗ್ಗೋಡಿನ ಕಾರ್ಯಕ್ರಮದಲ್ಲಿ ಐದು ನಿಮಿಷ ಕಡಿಮೆಯಾಗಲಿಲ್ಲ. ತಲೆಯನ್ನು ಒಂದು ಎಳೆ ಹೆಚ್ಚಿಗೆ ವಾಲಿಸಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ.